ಅವ್ವನ ಮುಖದ ಖಾತೆ

ಅವ್ವನ ಹೆಬ್ಬೆರಳು ಸವೆದಿದೆ, ಅದಕ್ಕೇ ಮಶೀನು ಹಿಡಿದಿಲ್ಲ, ಬೇರೇನೂ ಇರಲಿಕ್ಕಿಲ್ಲ ಎಂದು ಅನಿಲಕುಮಾರ ರಾಯಚೂರಿನಿಂದ ಮಾನ್ವಿಯವರೆಗೂ ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತ ಬಂದ. ಹಿಂದೆಯೂ ಹೀಗಾಗಿತ್ತು. ಜೀವಮಾನವಿಡೀ ಕೆಸರಿನಲ್ಲಿ ಭತ್ತದ ಸಸಿ ಊರಿದ ಬೆರಳು, ಅದರ ಗೆರೆ ಎಲ್ಲಿಂದ ಉಳಿಯಬೇಕು? ಬಾಗಲವಾಡದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ವಿಧವಾ ಪಿಂಚಣಿ, ಅವ್ವನ ಮಾತಿನಲ್ಲಿ ಪಗಾರ, ಕೊಡುವ ಅಂಗಡಿಯವನು ಒತ್ತಿಸಿ, ಬೆರಳು ಒರೆಸಿ ಮತ್ತೆ ಒತ್ತಿಸಿ, ಕೊನೆಗೆ "ಇದು ಬೆರಳಿನ ತಕರಾರಲ್ಲಬೇ, ಖಾತೇನ ಬಂದ್ ಆಗ್ಯಾದ, ಮಾನ್ವಿ ಬ್ಯಾಂಕಿಗೆ ಹೋಗು" ಎಂದನಂತೆ. "ನಾ ಸತ್ತೀನಂತ ಯಾರರೆ ಬರದು ಕೊಟ್ಟಾರೇನು ನೋಡೋ ಯಪ್ಪಾ," ಎಂದು ಅವ್ವ ಫೋನಿನಲ್ಲಿ ನಕ್ಕಿದ್ದಳು. ಪಕ್ಕದ ಓಣಿಯ ಮುದುಕಿಗೆ ಹಾಗೇ ಆಗಿತ್ತು. ತಾನಿನ್ನೂ ಬದುಕಿದ್ದೇನೆಂದು ಹೇಳಲು ಆಕೆ ತಹಶೀಲ್ದಾರರ ಮುಂದೆ ಹೋಗಿ ನಿಲ್ಲಬೇಕಾಯಿತು. ದೇವದುರ್ಗದ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅನಿಲಕುಮಾರ ಹೆಡ್‌ಮಾಸ್ತರರಿಗೆ ರಜೆ ಹೇಳಿ, ತುಂಬಿದ ಬಸುರಿ ಹೆಂಡತಿ ಉಮಾದೇವಿಗೆ "ಅವ್ವನ ಪಗಾರದ್ದು ಏನೋ ಲಫಡಾ" ಎಂದಷ್ಟೇ ಹೇಳಿ ರಾಯಚೂರಿನ ಮನೆಯಿಂದ ಹೊರಟಿದ್ದ. ಆ ಮಾತು ಬಾಯಿಂದ ಬಿದ್ದ ಕ್ಷಣವೇ ಇನ್ನೊಂದು ನೆನಪಾಗಿತ್ತು. ಹೋದ ವಾರ ಆ ಖಾತೆಗೆ ರೊಕ್ಕ ಬಂದಿತ್ತು. ಅವ್ವನಿಗೆ ಗೊತ್ತಿಲ್ಲದ ರೊಕ್ಕ. ಬಂದದ್ದರ ಮೆಸೇಜು ಅವನ ಫೋನಿಗೇ ಬಂದಿತ್ತು, ಯಾಕೆಂದರೆ ಅವ್ವನ ಖಾತೆಗೆ ಜೋಡಿಸಿದ್ದು ಅವನದೇ ನಂಬರು.

ಬ್ಯಾಂಕಿನಲ್ಲಿ ಅವ್ವ ಆಗಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಇಡೀ ಕುರ್ಚಿ ತುಂಬ ಕೂತದ್ದನ್ನು ಅವನು ಎಂದೂ ನೋಡಿಲ್ಲ; ಯಾರಾದರೂ ಬಂದರೆ ಎದ್ದುಬಿಡಲು ತಯಾರಾಗಿ, ಕಾಲಿನ ಮೇಲೆಯೇ ಭಾರ ಹಾಕಿ ಕೂತಿರುತ್ತಾಳೆ. ರಾಯಚೂರಿನ ಅವನ ಬಾಡಿಗೆ ಮನೆಯ ಸೋಫಾದ ಮೇಲೂ ಹಾಗೆಯೇ. ಪಕ್ಕದಲ್ಲಿ ಅವರ ಊರಿನ ಅಕ್ಕಿ ಗಿರಣಿಯ ವಿರೂಪಣ್ಣ ಹಣೆ ತುಂಬ ವಿಭೂತಿ, ಕೈ ತುಂಬ ಚೆಕ್ಕುಗಳೊಂದಿಗೆ ಆರಾಮಾಗಿ ಒರಗಿದ್ದ. ಅವನ ಗದ್ದೆಯಲ್ಲಿಯೇ ಅವ್ವ ನಾಟಿ ಮಾಡಿ, ಕಳೆ ತೆಗೆದು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದು. ಅಣ್ಣ ಹಂಪಯ್ಯ ಗೌಂಡಿಯಾದ, ತಮ್ಮ ಮಾಸ್ತರನಾದ. "ಬಾರೋ ಮಾಸ್ತರ, ನಿಮ್ಮವ್ವ ಬ್ಯಾಂಕ್ ಲೂಟಿ ಮಾಡ್ಯಾಳಂತ," ಎಂದು ವಿರೂಪಣ್ಣ ದೊಡ್ಡದಾಗಿ ನಕ್ಕ. ಅವನದು ಯಾವಾಗಲೂ ಇಂಥದೇ ಚಾಷ್ಟಿ. ಅವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅನಿಲಕುಮಾರನಿಗೆ ನಗಲು ಆಗಲಿಲ್ಲ. ಅಷ್ಟರಲ್ಲಿ ಜವಾನ "ಏ ಮುದುಕಿ, ಒಳಗ ಬಾ" ಎಂದು ಕೂಗಿ, ಹಿಂದೆ ಎದ್ದು ನಿಂತ ಇಸ್ತ್ರಿ ಅಂಗಿಯನ್ನು ನೋಡಿ "ಬರ್ರಿ ಸರ್" ಎಂದ.

ಒಳಗೆ ಕೂತಿದ್ದ ಅಧಿಕಾರಿಯ ಹೆಸರು ನಾಗರತ್ನಾ. ಸೌಮ್ಯ ಹೆಂಗಸು, ಇದೇ ಕಡೆಯವಳು. ಅವ್ವನಿಗೆ ಕುರ್ಚಿ ತೋರಿಸಿ, ಕಂಪ್ಯೂಟರಿನಲ್ಲಿ ಏನೋ ಓದಿ, ಮತ್ತೊಮ್ಮೆ ಓದಿ, "ಅಮ್ಮಾ, ಹೋದ ವಾರ ನಿಮ್ಮ ಖಾತೇಕ ರೊಕ್ಕ ಬಂದಾವಲ್ಲ, ಯಾರು ಹಾಕಿದ್ರು?" ಎಂದಳು.

"ಸರಕಾರದವ್ರು ಹಾಕ್ತಾರ್ರಿ. ಹಾಕಿದ್ದು ನನಗ ಗೊತ್ತಾಗಂಗಿಲ್ಲ, ನನ್ನ ಮಗನಿಗೆ ಗೊತ್ತಾಗ್ತದ."

"ಸರಕಾರದ್ದಲ್ಲಮ್ಮಾ. ಲಕ್ಷದ ಲೆಕ್ಕದಾಗ ಅದ." ಆಕೆ ದನಿ ತಗ್ಗಿಸಿದಳು. "ದೂರದ ಊರಿನ ಪೊಲೀಸರು ಈ ಖಾತೆ ನಿಲ್ಲಿಸ್ಯಾರ. ಅಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳಿಗೆ, ನಾವು ಪೊಲೀಸರು, ನಿನ್ನ ಜೈಲಿಗೆ ಹಾಕ್ತೀವಿ ಅಂತ ಯಾರೋ ಫೋನಿನ್ಯಾಗ ಹೆದರಿಸಿ, ಇದ್ದದ್ದೆಲ್ಲ ಹಾಕಿಸ್ಕೊಂಡಾರ. ಆ ರೊಕ್ಕ ಅವರಿವರ ಖಾತಿ ತಿರುಗಿ ನಿಮ್ಮ ಖಾತೇಕ ಬಂದಾವ. ಅದಕ್ಕ ಬದಲಿ ನೀವು ಕ್ರಿಪ್ಟೊ ಮಾರೀರಿ ಅಂತ ಬರದಾರ."

"ನಾ ಎಮ್ಮಿ ಸುದ್ದಾ ಮಾರಿಲ್ರಿ ಯವ್ವಾ," ಎಂದಳು ಅವ್ವ. "ಅದೇನದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅನಿಲಕುಮಾರನ ಕೈ ನಿಜವಾಗಿಯೂ ಮೇಲೆದ್ದು ಹೆಗಲಿನ ಚೀಲವನ್ನು ಸರಿಪಡಿಸಿತು. ಫ್ಯಾನಿನ ಸದ್ದು ಒಮ್ಮೆಲೇ ಜೋರಾದಂತೆ, ಆಮೇಲೆ ನಿಂತೇ ಹೋದಂತೆ ಅನ್ನಿಸಿತು. ತಾನು ಯಾರನ್ನೂ ಹೆದರಿಸಿಲ್ಲ. ಯಾವ ಹೆಂಗಸಿಗೂ ಫೋನು ಮಾಡಿಲ್ಲ. ಕಷ್ಟಪಟ್ಟು ಕೊಂಡಿಟ್ಟಿದ್ದ ಕ್ರಿಪ್ಟೊವನ್ನು, ಫೋನಿನಲ್ಲಿಯೇ ಇರುವ ಆ ನಾಣ್ಯವನ್ನು, ಹೆರಿಗೆ ಹತ್ತಿರ ಬಂತೆಂದು, ಫೋನಿನ ಗುಂಪಿನಲ್ಲಿ ಸಿಕ್ಕ ಒಬ್ಬನಿಗೆ ಮಾರಿದೆ, ಅಷ್ಟೇ. ಅವನು ಪೇಟೆಗಿಂತ ಸ್ವಲ್ಪ ಮೇಲಿನ ದರ ಹೇಳಿದ. ಯಾಕೆ ಮೇಲಿನ ದರ ಕೊಡುತ್ತೀಯಪ್ಪಾ ಎಂದು ಕೇಳಬೇಕಿತ್ತು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಹೆಂಗಸೂ ಅದನ್ನು ಕೇಳುತ್ತಾಳೆ. ತಾನು ಕೇಳಲಿಲ್ಲ. ಈ ಮಾತನ್ನೆಲ್ಲ ಇಲ್ಲೇ, ಈಗಲೇ, ಈ ಸೌಮ್ಯ ಹೆಂಗಸಿನ ಮುಂದೆ ಹೇಳಿಬಿಟ್ಟರೆ ಮುಗಿಯಿತು. ತಾನೂ ಮೋಸ ಹೋದವನೇ ಎಂದು ಯಾರಿಗಾದರೂ ತಿಳಿಯುತ್ತದೆ. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾಗರತ್ನಾ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿ, "ನೋಡ್ರಿ, ಕ್ರಿಪ್ಟೊ ಖಾತಿ ತೆಗಿವಾಗ ಕೊಟ್ಟದ್ದಂತ, ನಿಮ್ಮದಾ ಫೋಟೋ ಕಳಿಸ್ಯಾರ," ಎಂದಳು.

ಪರದೆಯ ತುಂಬ ಅವ್ವ ಇದ್ದಳು. ತಲೆಯ ಮೇಲೆ ಸೆರಗು, ಮುಖಕ್ಕೆ ಪೌಡರು, ಹಣೆಯಲ್ಲಿ ಬೊಟ್ಟಿಲ್ಲ, ಬಾಯಿ ತುಂಬ ನಗು.

ಬೇಸಿಗೆ ರಜೆಯಲ್ಲಿ ಬಾಗಲವಾಡದ ಮನೆಯಂಗಳದ ಬೇವಿನ ಗಿಡದ ಕೆಳಗೆ ಅವನು ಅದನ್ನು ತೆಗೆದಿದ್ದ. ಫೋನು ಹೇಳುತ್ತಿತ್ತು, ಅವನು ಕನ್ನಡದಲ್ಲಿ ಹೇಳುತ್ತಿದ್ದ. ಮುಖ ಎಡಕ್ಕ ತಿರುಗಿಸು ಯವ್ವಾ. ಈಗ ಬಲಕ್ಕ. ಈಗ ಕಣ್ಣು ಮಿಟುಕಿಸು. ಅವ್ವನಿಗೆ ನಗು ತಡೆಯಲಿಲ್ಲ. "ನಾ ಏನು ಮದಲಗಿತ್ತೀನೇನೋ, ಆ ಕಡೆ ನೋಡು ಈ ಕಡೆ ನೋಡು ಅನ್ನಾಕ?" ಎಂದು ಒಳಗೆ ಓಡಿ, ಹಂಪಯ್ಯನ ಹೆಂಡತಿಯ ಪೌಡರು ಬಳಿದುಕೊಂಡು ಬಂದಿದ್ದಳು. ಯಾತಕ್ಕೋ ಇದು ಎಂದು ಕೇಳಿದ್ದೂ ಉಂಟು. "ಪಗಾರಕ್ಕ," ಎಂದಿದ್ದ. ಯಾಕೆ ನಂಬಬಾರದು? ಪಿಂಚಣಿಗೂ ಹೀಗೇ ಮುಖ ತೋರಿಸುತ್ತಾರೆ, ರೇಶನ್ನಿಗೂ ತೋರಿಸುತ್ತಾರೆ, ಕೂಲಿಯ ಹಾಜರಿಗೂ ಬಿಸಿಲಲ್ಲಿ ಸಾಲಾಗಿ ನಿಂತು ಫೋನಿಗೆ ಮುಖ ಕೊಡುತ್ತಾರೆ. ಅಂಗಳದ ಎಲ್ಲ ಹೆಂಗಸರಿಗೂ ಅಭ್ಯಾಸವಾಗಿತ್ತು. ಯಾರು ಫೋನು ಹಿಡಿದರೂ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಮಗನೇ ಹಿಡಿದಾಗ ಕೇಳುವುದೇನಿದೆ? ಕ್ರಿಪ್ಟೊ ಕೊಳ್ಳುವ ಖಾತೆಯನ್ನು ಅನಿಲಕುಮಾರನ ಹೆಸರಲ್ಲಿ ತೆರೆಯುವಂತಿರಲಿಲ್ಲ. ಸರಕಾರಿ ನೌಕರ, ಕೊಂಡದ್ದು ಮಾರಿದ್ದು ಇಲಾಖೆಗೆ ತಿಳಿಸಬೇಕು, ಗಳಿಸಿದ್ದಕ್ಕೆ ಭಾರೀ ತೆರಿಗೆ ಕಟ್ಟಬೇಕು, ಮೇಲೆ ಹೆಡ್‌ಮಾಸ್ತರರ ಕೊಂಕು ಬೇರೆ. ಅವ್ವನ ಆಧಾರು, ಅವ್ವನ ಪ್ಯಾನು, ಅವ್ವನ ಖಾತೆ, ಅವ್ವನ ಮುಖ. ತನ್ನ ಕೈಯಲ್ಲಿ ಹಿಡಿದದ್ದು ಫೋನು ಮಾತ್ರ.

"ಹೌದು, ನಾನಾ!" ಎಂದು ಅವ್ವ ಪರದೆಯ ಹತ್ತಿರ ಬಾಗಿದಳು. ಆಮೇಲೆ ಅವನ ಕಡೆ ತಿರುಗಿದಳು. "ಇದು ನೀ ತಗದ ಫೋಟೋ ಅಲ್ಲೇನೋ ಅನಿಲಾ? ಬೇವಿನಗಿಡದ ಬುಡಕ? ಪಗಾರಕ್ಕ ಅಂತ ತಗದಿದ್ದು?"

ನಾಗರತ್ನಾ ಅವನನ್ನು ನೋಡಿದಳು. ಗಾಜಿನ ಬಾಗಿಲಿನಾಚೆ ವಿರೂಪಣ್ಣ ಕತ್ತು ಉದ್ದ ಮಾಡಿ ನೋಡುತ್ತಿದ್ದ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಅದು ಬಿಡಿಸಿಕೊಂಡು ಆಡಿದ ಮಾತನ್ನು ಕೇಳಿ ಮೊದಲು ಬೆಚ್ಚಿಬಿದ್ದವನು ಅವನೇ. "ಹೂಂ ಯವ್ವಾ, ಪಿಂಚಣಿ ಫೋಟೋನ. ಅದನ್ನ ಯಾರೋ ಕದ್ದಾರ," ಎಂದಿತ್ತು ಅದು. ನಿರಾಯಾಸವಾಗಿ, ಪಾಠ ಹೇಳುವ ದನಿಯಲ್ಲಿ. "ಈಗ ಎಲ್ಲಾ ಕಡೆ ಹಿಂಗ ನಡದದ ಮೇಡಂ, ಬಡವರ ಮುಖ ಕದಿಯೋದು." ಥೂ, ಎಂಥ ನಾಲಿಗೆ ಇದು! ಹದಿನೈದು ವರ್ಷದ ಮಕ್ಕಳ ಮುಂದೆ ಸಂವಿಧಾನ ಓದಿಸುವ ನಾಲಿಗೆ.

ಬಾಗಿಲು ತೆರೆದುಕೊಂಡು ವಿರೂಪಣ್ಣ ಒಳಗೆ ಬಂದ. ಚಾಷ್ಟಿ ಬಿಟ್ಟಿದ್ದ. "ಏನ್ರಿ ಮೇಡಂ, ಪೊಲೀಸ್ ಅಂತ ಏನೋ ಕೇಳಿಬಂತು. ಈ ಕನಕವ್ವನ ಮ್ಯಾಲೇನು? ತಪ್ಪು ತಿಳ್ಕೊಂಡೀರಿ. ನಮ್ಮ ಗದ್ದ್ಯಾಗ ಇಷ್ಟು ವರ್ಷ ದುಡದಾಳ, ಒಂದು ತೆನಿ ಉಡ್ಯಾಗ ಕಟಗೊಂಡು ಹೋಗಿಲ್ಲ. ಬೇಕಾರ ನಾ ಬರದು ಕೊಡ್ತೀನಿ. ನಮ್ಮ ಮನಿ ಕೀಲಿ ಈಕೀ ಕೈಯಾಗ ಕೊಟ್ಟು ನಾ ಕಾಶಿಗೆ ಹೋಗ್ತೀನ್ರಿ." ಅವ್ವನ ಕಣ್ಣಲ್ಲಿ ನೀರು ಬಂತು. ಇದೇ ವಿರೂಪಣ್ಣನ ಹೆಂಡತಿಯ ಬೆಂಡೋಲೆ ಒಮ್ಮೆ ಕಣದಲ್ಲಿ ಕಳೆದಿತ್ತು. ಕೂಲಿ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನೀರಮಾನ್ವಿ ಯಲ್ಲಮ್ಮನ ಭಂಡಾರ ಅಂಗೈಗೆ ಹಾಕಿ ಆಣೆ ಮಾಡಿಸಿದ್ದರು. ಅರಿಶಿನ ಹಿಡಿದು ಸುಳ್ಳು ಹೇಳಿದವರ ವಂಶ ಉಳಿಯುವುದಿಲ್ಲವೆಂದು ಊರಿನ ನಂಬಿಕೆ. ಸಾಲಿನಲ್ಲಿ ಮೊದಲು ಕೈಯೊಡ್ಡಿದವಳು ಅವ್ವ. ಬೆಂಡೋಲೆ ಆಮೇಲೆ ಗಿರಣಿಯ ಮನೆಯ ಹಾಸಿಗೆಯಲ್ಲೇ ಸಿಕ್ಕಿತು. ಸಿಕ್ಕಿತೆಂದು ಯಾರೂ ಬಂದು ಹೇಳಲಿಲ್ಲ, ಹೇಗೋ ತಿಳಿಯಿತು. ಆ ಸಾಲನ್ನು ಕಣದ ಬೇಲಿಯ ಹೊರಗಿನಿಂದ ನೋಡಿ, ತಾನು ಓದಬೇಕು, ಓದಿ ಇಂಥ ಆಣೆಗಳನ್ನೆಲ್ಲ ಇಲ್ಲದಂತೆ ಮಾಡಬೇಕು ಎಂದು ಹಲ್ಲು ಕಚ್ಚಿದ್ದ ಅನಿಲಕುಮಾರ ಈಗ ನೆಲ ನೋಡುತ್ತ ನಿಂತಿದ್ದ. ಅವ್ವನ ಪರ ಆಡಿದವನು ವಿರೂಪಣ್ಣ, ತಾನಲ್ಲ. ಇದನ್ನು ಸಹಿಸಿಕೊಂಡು ನಿಂತಿರಲು ಸಾಧ್ಯವಾಗುತ್ತಿದೆಯಲ್ಲ ಎಂಬುದೇ ಅವನಿಗೆ ದಿಗಿಲು ಹುಟ್ಟಿಸಿತು.

ರಾಯಚೂರಿನ ಸೈಬರ್ ಠಾಣೆಗೆ ಹೋಗಿ, ಇದ್ದದ್ದು ಇದ್ದಹಾಗೆ ಹೇಳಿಕೆ ಕೊಡಿ, ಅವರು ಅಲ್ಲಿಯವರಿಗೆ ಬರೆಯುತ್ತಾರೆ, ಅಲ್ಲಿಯತನಕ ಪಿಂಚಣಿಯೂ ಬಿಡುವ ಹಾಗಿಲ್ಲ ಎಂದು ನಾಗರತ್ನಾ ಹೇಳಿ ಕಳಿಸಿದಳು. ಇದ್ದದ್ದು ಇದ್ದಹಾಗೆ. ಬಸ್ ಸ್ಟ್ಯಾಂಡಿನವರೆಗೆ ಆ ಮಾತು ಅವನ ಹಿಂದೆಯೇ ಬಂತು. ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ, ಸೀಟಿನ ತುದಿಯಲ್ಲಿ ಕೂತಳು. ಕಾಲುವೆ ನೀರಿನ ಗದ್ದೆಗಳು ಹಸಿರಾಗಿ ಹಿಂದೆ ಓಡುತ್ತಿದ್ದವು. ಅಲ್ಲಿ ಬಾಗಿದ್ದ ಹೆಂಗಸರ ಕೈಯನ್ನು ನೋಡಿಯೇ ಅವ್ವ ಯಾರ ನಾಟಿ ಚೊಲೋ, ಯಾರದು ಕೆಟ್ಟದ್ದು ಎಂದು ಹೇಳುವವಳು. ಇವತ್ತು ಹೊರಗೆ ನೋಡಲಿಲ್ಲ.

ಅವನು ಮಾಡಿದ್ದರಲ್ಲಿ ಏನು ತಪ್ಪಿತ್ತು ಮೊದಲಿಗೆ? ರಾಯಚೂರಿನ ಹೊರಗೆ ಒಂದು ಲೇಔಟಿನಲ್ಲಿ ಸೈಟು ನೋಡಿದ್ದರು ಅವನೂ ಉಮಾದೇವಿಯೂ. ಮೂಲೆಯ ಸೈಟು, ಪೂರ್ವದ ಬಾಗಿಲು ಬರುತ್ತದೆ. ದಲ್ಲಾಳಿ ಚಹಾ ತರಿಸಿಕೊಟ್ಟ, ಸರ್ ಸರ್ ಎಂದ, ಮಾತಿನ ನಡುವೆ "ನಿಮ್ಮದು ಯಾವ ಮಂದಿ ಆತ್ರಿ?" ಎಂದ. ಅನಿಲಕುಮಾರ ಹೇಳಿದ, ಮುಚ್ಚಿಡುವ ಗುಣ ಆಗ ಇರಲಿಲ್ಲ ಅವನಿಗೆ. ಮರುದಿನ ಫೋನು ಮಾಡಿದರೆ ಆ ಸೈಟು ಬುಕ್ ಆಗಿತ್ತು. ಅದರ ಪಕ್ಕದ್ದೂ ಬುಕ್ ಆಗಿತ್ತು. ಇಡೀ ಲೇಔಟೇ ರಾತ್ರೋರಾತ್ರಿ ಬುಕ್ ಆಗಿಹೋಗಿತ್ತು. ಚಹಾದ ಲೋಟ ಕೈಯಲ್ಲಿ ಹಿಡಿದು ಥ್ಯಾಂಕ್ಸ್ ಹೇಳಿದ್ದು ನೆನಪಾಗಿ ಅವನು ಎಷ್ಟೋ ದಿನ ಹಲ್ಲುಜ್ಜುವಾಗ ಕನ್ನಡಿ ನೋಡಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಶಿವರಾಜ ಫೋನು ತೋರಿಸಿದ್ದು ಆಗಲೇ. "ನೂರು ರೂಪಾಯಿಗೂ ಸಿಗ್ತದ ಸರ್. ಬಿಟ್‌ಕಾಯಿನ್ ನಿಮ್ಮಪ್ಪ ಯಾರು, ನಿಮ್ಮ ಓಣಿ ಯಾವುದು ಕೇಳಂಗಿಲ್ಲ." ಕೇಳುವುದಿಲ್ಲ! ಅಷ್ಟೇ ಸಾಕಾಯಿತು. ರೊಕ್ಕ ಬೆಳೆಯುತ್ತದೆಂಬ ಆಸೆ ಎರಡನೆಯದು, ಮೊದಲನೆಯದು ಇದೇ. ಆಫ್ರಿಕಾದಲ್ಲಿ, ಫಿಲಿಪ್ಪೀನ್ಸಿನಲ್ಲಿ, ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸುವ ಮಂದಿಯೆಲ್ಲ ಇದನ್ನು ಕೊಳ್ಳುತ್ತಿದ್ದಾರೆಂದು ಅವನು ಓದಿದ. ಬಾಡಿಗೆ ಮನೆಯ ಮಾಳಿಗೆಯ ಮೇಲೆ ಕೂತು ಆ ಕಾಣದ ಮಂದಿಯನ್ನು ನೆನೆದರೆ ಕಣ್ಣು ತುಂಬಿ ಬರುತ್ತಿತ್ತು. ಯಾರ ಅಂಗಳದಲ್ಲೂ ದೂರ ನಿಲ್ಲಬೇಕಿಲ್ಲದ ಆಸ್ತಿ. ಅದು ಕೇಳಿದ್ದು ಒಂದೇ, ಮುಖ ತೋರಿಸು ಎಂದು. ಅವನು ಅವ್ವನದನ್ನು ತೋರಿಸಿದ.

"ಆ ಹೆಣ್ಣುಮಗಳಿಗೆ ನನ್ನ ಫೋಟೋ ತೋರಿಸಿರ್ತಾರೇನೋ?" ಎಂದಳು ಅವ್ವ ಇದ್ದಕ್ಕಿದ್ದಂತೆ.

"ಯಾವ ಹೆಣ್ಣುಮಗಳು?"

"ರೊಕ್ಕ ಕಳಕೊಂಡಾಕಿ. ಈಕೀನ ನೋಡು ನಿನ್ನ ಕಳ್ಳಿ ಅಂತ ತೋರಿಸಿರ್ತಾರಲ್ಲ. ನಾ ನಗಾಕತ್ತೀನಿ ಅದರಾಗ. ನನ್ನ ಮನಿ ಮುರದು ಹ್ಯಾಂಗ ನಗಾಕತ್ತಾಳ ನೋಡು ಅಂತ ಆಕಿ ಅಂದಿರ್ತಾಳ." ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಇನ್ನೂ ಪೌಡರು ಉಳಿದಿದೆಯೇನೋ ಎಂಬಂತೆ. "ಆಕೀಗೆ ಮಕ್ಕಳದಾರೋ ಇಲ್ಲೋ. ಉಂಡಾಳೋ ಇಲ್ಲೋ."

ಈಗ ಹೇಳಬೇಕು ಎಂದುಕೊಂಡ. ಮುಂದಿನ ಸ್ಟಾಪು ಬರುವುದರೊಳಗೆ. ಕಂಡಕ್ಟರ್ ಮುಂದೆ ಹೋದ ಮೇಲೆ. ನೀರಮಾನ್ವಿಯ ಸ್ಟಾಪು ಬಂದಾಗ ಅವ್ವ ಧಡಕ್ಕನೆ ಎದ್ದಳು. "ಇಳಿ, ಇಳಿ. ಪೊಲೀಸರ ಮುಂದ ಹೋಗೋಕಿಂತ ಮೊದಲ ಯಲ್ಲವ್ವನ ಮುಂದ ಹೋಗಬೇಕು."

"ಯವ್ವಾ, ಪೊಲೀಸರು ಆಣಿ ಕೇಳಂಗಿಲ್ಲ. ಅದರಿಂದ ಏನೂ..."

"ಪೊಲೀಸರಿಗಲ್ಲೋ. ನನಗ. ನಿನ್ನ ಪುಸ್ತಕದಾಗ ಇಲ್ಲ ಅಂದ್ರ ಯಲ್ಲವ್ವ ಇಲ್ಲೇನು?"

ಅವನ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ. ಆಣೆ ಎಂಬುದು ಹೆದರಿಸಿ ಹಿಡಿದಿಡುವ ಹಗ್ಗ ಎಂದು ಅವನು ತರಗತಿಯಲ್ಲಿ ಹೇಳುತ್ತಾನೆ, ನಂಬಿಯೇ ಹೇಳುತ್ತಾನೆ. ಹಾಗಿದ್ದ ಮೇಲೆ ಈಗ ಇಳಿಯಲು ಯಾಕೆ ಹಿಂಜರಿಯಬೇಕು? ಮುದುಕಿಯೊಬ್ಬಳು ಒಂದು ಹಿಡಿ ಅರಿಶಿನ ಹಿಡಿದು ನಾಲ್ಕು ಮಾತಾಡಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಲೇ ಚಪ್ಪಲಿ ಬಿಟ್ಟ. ಮಂಗಳವಾರವಲ್ಲ, ಶುಕ್ರವಾರವಲ್ಲ, ಗುಡಿಯಲ್ಲಿ ಜನವಿರಲಿಲ್ಲ. ಕಲ್ಲು ಸುಡುತ್ತಿತ್ತು. ಒಳಗೆ ಎಣ್ಣೆಯ, ಒಣಗಿದ ಹೂವಿನ ವಾಸನೆ. ಪೂಜಾರಿ ಗೋಡೆಗೊರಗಿ ತೂಕಡಿಸುತ್ತಿದ್ದ. ಅವ್ವ ತಟ್ಟೆಯಿಂದ ತಾನೇ ಅರಿಶಿನ ತೆಗೆದು ಬಲ ಅಂಗೈಗೆ ಸುರಿದುಕೊಂಡು ಮುಷ್ಟಿ ಕಟ್ಟಿದಳು. ಕಣದ ಸಾಲಿನಲ್ಲಿ ಹೇಗೆ ನಿಂತಿದ್ದಳೋ ಹಾಗೇ ನಿಂತಳು, ಬೆನ್ನು ನೆಟ್ಟಗೆ ಮಾಡಿ. ಬೇರೆಲ್ಲ ಕಡೆ ಬಾಗಿಯೇ ಇರುವ ಬೆನ್ನು.

"ತಾಯೀ ಯಲ್ಲವ್ವಾ, ನಾ ಬಾಗಲವಾಡದ ಕನಕವ್ವ. ನಿನ್ನ ಭಂಡಾರ ಹಿಡದು ಹೇಳ್ತೀನಿ. ಮಂದಿ ರೊಕ್ಕ ನಾ ಮುಟ್ಟಿಲ್ಲ. ನನ್ನ ಮಕ್ಕಳು ಮುಟ್ಟಿಲ್ಲ." ಆಕೆಯ ದನಿ ಏರಿತು. "ನನ್ನ ಮುಖ ಕದ್ದು, ಆ ಹೆಣ್ಣುಮಗಳ ಕಣ್ಣೀರು ನನ್ನ ಖಾತೇಕ ಹಾಕಿದಾಂವ ಯಾಂವ ಇದ್ದಾನ, ಅವನ ಮನ್ಯಾಗ ತೊಟ್ಟಲ..."

ಅನಿಲಕುಮಾರ ಅವ್ವನ ಮುಷ್ಟಿಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟಿದ್ದ. "ಬ್ಯಾಡ ಯವ್ವಾ! ಬ್ಯಾಡ, ಬ್ಯಾಡ!" ಇಷ್ಟು ದೊಡ್ಡದಾಗಿ ಕೂಗಿದವನು ತಾನೇ ಎಂದು ಗೊತ್ತಾಗಲು ಗಳಿಗೆ ಬೇಕಾಯಿತು. ಪೂಜಾರಿ ಕಣ್ಣು ಬಿಟ್ಟ. ರಾತ್ರಿಯಿಡೀ ಮಗ್ಗುಲು ಬದಲಿಸುತ್ತ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುವ ಉಮಾದೇವಿ ಕಣ್ಣ ಮುಂದೆ ಬಂದಿದ್ದಳು, ಅಷ್ಟೇ. ನಂಬಿಕೆ ಇಲ್ಲ, ಇವತ್ತಿಗೂ ಇಲ್ಲ. ಆದರೆ ಕೈ ಹಿಡಿದಾಗಿತ್ತು.

ಅವ್ವ ಅವನನ್ನು ನೋಡಿದಳು. ಮೊದಲು ಹುಚ್ಚನನ್ನು ನೋಡುವಂತೆ, ಆಮೇಲೆ ಅವನ ಕೈಯನ್ನು, ಆಮೇಲೆ ಮತ್ತೆ ಅವನ ಮುಖವನ್ನು. ಬ್ಯಾಂಕಿನಲ್ಲಿ ಪರದೆಯ ಹತ್ತಿರ ಬಾಗಿ ನೋಡಿದ್ದಳಲ್ಲ, ಹಾಗೇ ಹತ್ತಿರ ಬಂದು ನೋಡಿದಳು. ಬಾಯಿ ತೆರೆದೇ ಇತ್ತು.

"ಪಗಾರಕ್ಕ ಅಂದಿದ್ದೆಲ್ಲೋ," ಎಂದಳು.

ಅವನು ಹೇಳಿದ. ಹೇಗೆ ಹೇಳಿದನೋ, ಎಲ್ಲಿಂದ ಶುರುಮಾಡಿದನೋ. ನಾ ಕದ್ದಿಲ್ಲ ಯವ್ವಾ, ಕೊಂಡಿದ್ದೆ, ಮಾರಿದೆ, ತಗೊಂಡವ ಯಾರ ರೊಕ್ಕ ಹಾಕಿದನೋ ನನಗ ಗೊತ್ತಿಲ್ಲ. ಏನು ಮಾರಿದಿ ಎಂದು ಅವ್ವ ಕೇಳಿದಳು. ಅದು ಕಾಣುವಂಥದಲ್ಲ, ಫೋನಿನಲ್ಲಿರುತ್ತದೆ ಎಂದ. "ಕಾಣದ್ದನ್ನ ನನ್ನ ಮುಖ ತೋರಿಸಿ ಮಾರಿದೇನು?" ಎಂದಳು ಅವ್ವ. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಎರಡು ಬಾರಿಸಿದ್ದರೆ ಕಾಲು ಹಿಡಿದು ಅಳುತ್ತಿದ್ದ. ತಿಳಿದುಕೊಳ್ಳಲು ಕೇಳಿದ ಮಾತು ಅದು.

"ಆಕೀ ರೊಕ್ಕ ಅಲ್ಲೇ ಅದ ಇಲ್ಲೋ?"

"ಹಂಗ ಅದ ಯವ್ವಾ. ಒಂದು ಪೈಸಾ ಮುಟ್ಟಿಲ್ಲ. ಆಕೀಗೇ ಹೋಗ್ತದ."

"ಇದು ಗೊತ್ತಾದ್ರ ನಿನ್ನ ನೌಕರಿ?"

"ಸಸ್ಪೆಂಡ್ ಮಾಡಬಹುದು," ಎಂದ. ಮಾಡದೆಯೂ ಇರಬಹುದು ಎಂಬ ಉಳಿದರ್ಧ ಸತ್ಯವನ್ನು ನುಂಗಿಕೊಂಡ. ಯಾಕೆ ನುಂಗಿದೆ ಎಂದು ಅವನಿಗೇ ತಿಳಿಯಲಿಲ್ಲ. ಅಥವಾ ತಿಳಿದಿತ್ತು.

ಅವ್ವ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಮುಷ್ಟಿ ಇನ್ನೂ ಕಟ್ಟಿಯೇ ಇತ್ತು. ಬೆರಳ ಸಂದಿಯಿಂದ ಅರಿಶಿನ ಉದುರುತ್ತಿತ್ತು. ಅವಳು ದೇವಿಯ ಕಡೆ ತಿರುಗಿ ಮತ್ತೆ ಬೆನ್ನು ನೆಟ್ಟಗೆ ಮಾಡಿದಳು. "ತಾಯೀ, ಮೊದಲ ಅಂದಿದ್ದನ್ನ ಕೇಳಿಸ್ಕೋಬ್ಯಾಡ," ಎಂದಳು, ನೆರೆಮನೆಯವಳೊಂದಿಗೆ ಮಾತಾಡುವ ದನಿಯಲ್ಲಿ. "ಮುಖ ನಂದು. ಖಾತಿ ನಂದು. ಮುಟ್ಟಿದಾಕಿ ನಾನಾ. ಏನು ಹಾಕ್ತಿ, ನನ್ನ ಉಡ್ಯಾಗ ಹಾಕು."

ಕಣದಲ್ಲಿ ಗಿರಣಿಯವರ ಮುಂದೆ ಮೊದಲು ಒಡ್ಡಿದ್ದ ಕೈಯೇ ಇದು. ಆದರೆ ಈ ಸಲ ಆಡಿದ್ದು ಸುಳ್ಳು. ಅವ್ವ ಆಡಿದ್ದನ್ನು ಅವನು ಕೇಳಿದ ಮೊದಲನೆಯ ಸುಳ್ಳು, ಅದೂ ಭಂಡಾರ ಹಿಡಿದು. ಸುಳ್ಳಾಡಿದವರ ವಂಶ ಉಳಿಯುವುದಿಲ್ಲವೆಂದು ಅವನು ನಂಬುವುದಿಲ್ಲ, ಅವಳು ನಂಬುತ್ತಾಳೆ. ನಂಬಿಕೊಂಡೇ ಆಡಿದಳು. ಅನಿಲಕುಮಾರ ಗುಡಿಯ ಕಂಬ ಹಿಡಿದುಕೊಂಡ. ಅವ್ವ ಮುಷ್ಟಿ ಬಿಚ್ಚಿ, ಉಳಿದ ಅರಿಶಿನದಲ್ಲಿ ಒಂದು ಚಿಟಿಕೆ ಅವನ ಹಣೆಗೆ ಹಚ್ಚಿ, ಮಿಕ್ಕದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಉಮಾಗ," ಎಂದಳು.

ಹೊರಗೆ ರಸ್ತೆಯಂಚಿನ ಜಾಲಿಗಿಡದ ಅರೆನೆರಳಲ್ಲಿ ನಿಂತು ಇಬ್ಬರೂ ರಾಯಚೂರಿನ ಬಸ್ಸಿಗೆ ಕಾದರು. "ನಾನಾ ಮಾಡಿದ್ದು ಅಂತ ಹೇಳ್ತೀನಿ ಯವ್ವಾ," ಎಂದ ಅವನು. ದನಿ ತೆಳ್ಳಗಿತ್ತು, ಯಾರಾದರೂ ಬೇಡ ಎನ್ನಲಿ ಎಂದು ಕಾಯುವ ದನಿ. "ಸುಮ್ಮ ಇರು," ಎಂದಳು ಅವ್ವ. "ನನಗೇನು ನೌಕರಿ ಅದ, ಹೋಗಾಕ? ಹೆಬ್ಬೆಟ್ಟಿನ ಮುದುಕಿ, ತಿಳೀಲಾರದ ಮಾಡಿದೆ ಅಂತೀನಿ. ಬೈದು ಬಿಡ್ತಾರ. ಭಾಳಂದ್ರ ಪಗಾರ ಹೋಗ್ತದ. ನೀ ಮನಿ ಕಟ್ಟು." ಅವನು ಮತ್ತೊಮ್ಮೆ ಬೇಡ ಎನ್ನಬೇಕಿತ್ತು. ಎನ್ನುತ್ತೇನೆ, ಬಸ್ಸು ಬರಲಿ ಎಂದುಕೊಂಡ. ಆಗ ಅವನಿಗೆ ಹೊಟ್ಟೆ ಹಸಿದದ್ದು ಗೊತ್ತಾಯಿತು. ಎದುರಿನ ಹೋಟೆಲಿನ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿತ್ತು. ಅಯ್ಯೋ, ನನಗೆ ಹಸಿವಾಗುತ್ತಿದೆ! ಎದೆಯ ಮೇಲಿನ ಕಲ್ಲನ್ನು ಅವ್ವ ಎತ್ತಿಕೊಂಡಳು, ನನಗೆ ಹಸಿವಾಯಿತು! ಬ್ಯಾಂಕಿನ ಪರದೆ ತಿರುಗಿದಾಗ ಕೂಡ ಅವನು ಇಷ್ಟು ಬೆಚ್ಚಿರಲಿಲ್ಲ. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದ, ಅದು ಮತ್ತೊಬ್ಬರದೇನೋ ಎಂಬಂತೆ.

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬೆವರು ಒರೆಸಿ, ಕೂದಲು ಹಿಂದಕ್ಕೆ ತೀಡಿ, ಬೇಸಿಗೆಯ ಆ ಮಧ್ಯಾಹ್ನ ಮಾಡಿದ್ದಂತೆಯೇ ಮುಖ ಸರಿಮಾಡಿಕೊಂಡಳು.

"ಠಾಣೇದಾಗೂ ಫೋಟೋ ತಗೀತಾರೇನೋ?" ಎಂದು ಕೇಳಿದಳು. "ಮುಖ ಯಾವ ಕಡೆ ತಿರುಗಿಸಬೇಕು ಮೊದಲ? ನನಗ ಮರತದ."

"ಎಡಕ್ಕ," ಎಂದ ಅನಿಲಕುಮಾರ.

ಅವ್ವ ಎಡಕ್ಕೆ ತಿರುಗಿ ನೋಡಿದಳು. ಬಸ್ಸು ಬಂದು ನಿಂತಿತು.